ಖಾಲಿ ಸೀಟಿನ ಸಿದ್ಧಾಂತ

ಜಗತ್ತಿನಲ್ಲಿ ಖಾಲಿ ಜಾಗ ಎಂಬುದೇ ಇಲ್ಲ ಎಂದು ಪಕ್ಕದೂರಿನ ಕಾಲೇಜಿನಲ್ಲಿ ಭಾಷಣ ಮಾಡಲು ಹೊರಟಿದ್ದ ಭೌತಶಾಸ್ತ್ರದ ಪ್ರೊಫೆಸರರು ಬಸ್ಸು ಹತ್ತಿದಾಗ ಉಳಿದಿದ್ದದ್ದು ಒಂದೇ ಒಂದು ಖಾಲಿ ಸೀಟು. ಅದರ ಮೇಲೆ ಕೆಂಪು ಟವೆಲ್ಲೊಂದು ಮೈಚೆಲ್ಲಿ ಮಲಗಿತ್ತು.

“ಟವೆಲ್ ತೆಗೀರಮ್ಮ, ಕೂರ್ಬೇಕು.”

“ಆಗಲ್ಲ ಸಾರ್,” ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಗಸು. “ಯಾರೋ ದೊಡ್ಡ ಮನುಷ್ಯರು ಬರ್ತಾರಂತೆ. ನೋಡ್ಕೊಳ್ಳಿ ಅಂತ ಒಬ್ರು ಹಾಕಿ ಹೋದ್ರು.”

ಯಾವನೋ ಪುಡಾರಿ ಇರಬೇಕು ಎಂದು ಪ್ರೊಫೆಸರರು ಹಲ್ಲು ಕಡಿದರು. ಬಸ್ಸು ಹೊರಟಿತು. ದೊಡ್ಡ ಮನುಷ್ಯ ಬರಲಿಲ್ಲ. ಟವೆಲ್ಲೂ ಕದಲಲಿಲ್ಲ, ಹೆಂಗಸೂ ಕದಲಲಿಲ್ಲ.

“ಏನ್ ಕೆಲಸ ಸಾರ್ ನಿಮ್ದು?” ಎಂದು ಅವಳು ಕೇಳಿದ್ದೇ ತಡ, ಮಂಡಿನೋವು ಮರೆಯಲು ಅವರು ಭಾಷಣವನ್ನು ಅಲ್ಲೇ ಶುರು ಮಾಡಿದರು.

“ಖಾಲಿ ಜಾಗ ಅನ್ನೋದೇ ಇಲ್ಲ ಕಣಮ್ಮ. ಏನೂ ಇಲ್ಲ ಅನ್ನೋ ಕಡೆನೂ ಕಣಗಳು ಹುಟ್ತಾ ಸಾಯ್ತಾ ಇರ್ತವೆ. ಸಾಸಿವೆಗಿಂತ ಸಣ್ಣ ಕಪ್ಪುರಂಧ್ರಗಳೂ ಓಡಾಡ್ತಿರಬಹುದು. ಈ ಸೀಟಲ್ಲೇ ಒಂದು ಇದ್ರೂ ಇರಬಹುದು, ಯಾರು ಕಂಡೋರು!”

“ಮತ್ತೆ ನೀವೇ ಹೇಳ್ತಿದೀರಲ್ಲ ಸಾರ್, ಸೀಟು ಖಾಲಿ ಇಲ್ಲ ಅಂತ. ಸುಮ್ನೆ ನಿಂತ್ಕೊಳ್ಳಿ.”

ಪ್ರೊಫೆಸರರು ಮೇಲಿನ ಕಂಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಊರು ಬಂದಾಗ ಕಾಲೇಜಿನ ಪ್ರಿನ್ಸಿಪಾಲರು ಹಾರ ಹಿಡಿದುಕೊಂಡು ಬಸ್ಸಿನ ಬಾಗಿಲಿಗೇ ಬಂದಿದ್ದರು. ಕುಂಟುತ್ತ ಇಳಿದ ಅತಿಥಿಯ ಕೊರಳಿಗೆ ಅದನ್ನು ಹಾಕಿ ಕೈಕುಲುಕಿದರು.

“ಫೋನಿಗೆ ಸಿಗಲೇ ಇಲ್ಲ ಸಾರ್ ನೀವು. ಆದ್ರೂ ಆರಾಮಾಗಿ ಕೂತ್ಕೊಂಡು ಬಂದ್ರಿ ತಾನೆ? ನಿಮ್ಮೂರಲ್ಲಿರೋ ನಮ್ಮ ಬಾಮೈದನ ಕೈಲಿ ಕೆಂಪು ಟವೆಲ್ ಹಾಕ್ಸಿದ್ನಲ್ಲ, ನಿಮಗೇ ಅಂತ.”