ಹದಿನೈದು ದಿನದ ಸ್ಟೆಂಟ್

ದುರ್ಬೀನು ಹಾಕಿ ಅನ್ನಪೂರ್ಣಳ ಮೂತ್ರನಾಳದ ಕಲ್ಲು ತೆಗೆದ ಡಾಕ್ಟರ್ ಶಾಲೆಯಲ್ಲಿ ಅವಳ ಜೊತೆಗೇ ಕಲಿತವನು.

"ಅನ್ನೀ, ಒಳಗ ಸ್ಟೆಂಟ್ ಅಂತ ಒಂದು ನಳಿಕೆ ಇಟ್ಟೀನಿ. ಹದಿನೈದು ದಿನಕ್ಕ ಬಾ, ತಗೀತೀನಿ" ಎಂದ. ಅವಳು ನಕ್ಕಳು. ಅಂಥ ನಗೆಯನ್ನು ಗಂಡ ವೀರಭದ್ರ ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಹದಿನೈದನೆಯ ದಿನ ಅವಳು ಹೊಸ ಸೀರೆ ಉಟ್ಟು ಹೊರಟಾಗ ವೀರಭದ್ರನೆಂದ: "ನಿಮ್ಮ ಡಾಕ್ಟರ್ ಫೋನ್ ಮಾಡಿದ್ದ. ಬರೂದು ಬ್ಯಾಡಂತ, ನಳಿಕೆ ತಾನಾ ಕರಗತೈತಂತ."

ಎಂಟು ತಿಂಗಳಿಗೆ ಚಳಿಜ್ವರ ಬಂದು ಅವಳು ಬೇರೊಂದು ಆಸ್ಪತ್ರೆ ಸೇರಿದಳು. ಎಕ್ಸ್-ರೇ ನೋಡಿದ ವೈದ್ಯೆ ಸಿಟ್ಟಾದರು. "ಸ್ಟೆಂಟಿಗೆಲ್ಲಾ ಕಲ್ಲು ಕಟ್ಟೈತಿ, ಒಂದು ಕಿಡ್ನಿ ಹೋಗೈತಿ. ತೆಗಸಬ್ಯಾಡ ಅಂತ ಯಾರು ಹೇಳಿದ್ರು?"

"ನನ್ನ ಜೋಡಿ ಕಲ್ತ ಆ ಡಾಕ್ಟರ್ ರೀ. ಸಾಯೂತನಾ ಅವನ ಮುಖ ನೋಡಂಗಿಲ್ಲ" ಎಂದು ಅನ್ನಪೂರ್ಣ ಗಂಡನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.