ಇಪ್ಪತ್ನಾಲ್ಕು ಜಿಬಿಯ ಬೀದಿ

ಧೂಳು ಕವಿದ ಮೇಲೆ ಹುಬ್ಬಳ್ಳಿಯಲ್ಲಿ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕನ್ನಡಕದೊಳಗಿನ ಗ್ರಾಫಿಕ್ಸ್ ಕಾರ್ಡು ಬಿಡಿಸಿ ತೋರಿಸಿದಷ್ಟೇ ಬೀದಿ. ನೀಲಗಂಗವ್ವನ ನಾಲ್ಕು ಜಿಬಿಯ ಕಾರ್ಡು ರಸ್ತೆಯನ್ನು ತೋರಿಸುತ್ತಿತ್ತು, ಜನರನ್ನಲ್ಲ. ವರ್ಷಗಟ್ಟಲೆ ಆಕೆ ಖಾಲಿ ಬೀದಿಯಲ್ಲಿ ಬರೀ ದನಿಗಳ ನಡುವೆ ಓಡಾಡಿದ್ದಳು.

ಕೊನೆಗೊಂದು ದಿನ ಇಪ್ಪತ್ನಾಲ್ಕು ಜಿಬಿಯದನ್ನು ಕೊಂಡಳು. "ಇದರಾಗ ಮಂದಿ ಮಾರಿ ಮ್ಯಾಲಿನ ನೆರಳೂ ಕಾಣಸ್ತದ್ರೀ" ಎಂದ ಅಂಗಡಿಯವನು.

ಹೊರಗೆ ಬಂದರೆ ಬೀದಿ ತುಂಬ ಮುಖಗಳು! ಆಕೆ ನೇರ ಹಾಲಿನ ಅಂಗಡಿಗೆ ನಡೆದಳು. ಆಕೆಯನ್ನು ದಿನಾ ಮಾತಾಡಿಸುತ್ತಿದ್ದವನು ಅಲ್ಲಿಯ ಬಸಣ್ಣ ಒಬ್ಬನೇ. ಅವನಿಗೆ ನರೆತ ಮೀಸೆಯಿತ್ತು, ಗಲ್ಲದಲ್ಲಿ ಗುಳಿಯಿತ್ತು.

"ನಿಮ್ಮ ಮಾರಿ ಇವತ್ತ ನೋಡಿದೆ ನೋಡ್ರಿ, ಬಸಣ್ಣ!"

"ಓಹೋ, ನೀಲಗಂಗವ್ವಾರ! ಬರ್ರಿ, ಬರ್ರಿ" ಎಂದು ಅವನು ಆಕೆಯ ಪಕ್ಕದ ಖಾಲಿ ಜಾಗವನ್ನು ನೋಡಿ ನಕ್ಕ. ಅವನ ಕಾರ್ಡು ಇನ್ನೂ ಹಳೆಯದೇ.

ನೀಲಗಂಗವ್ವ ಮೆಲ್ಲಗೆ ಸರಿದು, ಅವನು ನೋಡುತ್ತಿದ್ದ ಜಾಗದಲ್ಲಿ ನಿಂತಳು.