ರೈಟರ್ ಸತ್ತ ಮೇಲೆ

ಸತ್ತ ಹನ್ನೆರಡನೆಯ ದಿನ, ಮಧ್ಯಾಹ್ನ ಸರಿಯಾಗಿ ಹನ್ನೆರಡೂವರೆಗೆ, ರೈಟರ್ ಮತ್ತೆ ಲಾಗಿನ್ ಆದರು.

ವಿರಾಜಪೇಟೆಯ ತನ್ನ ರಿಪೇರಿ ಅಂಗಡಿಯಲ್ಲಿ ಅನ್ನ ಕಲಸುತ್ತಿದ್ದ ಅಶ್ವಥ್‌ನ ಕೈ ಡಬ್ಬಿಯಲ್ಲೇ ನಿಂತಿತು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು. ಲಿಪಿ ಇಂಗ್ಲಿಷು, ಮಾತು ಕನ್ನಡ: 'ಸೂತಕ ಕಳೀತು. ಬಂದೆ. ಉಂಡ್ಯಾ ಗೂಬೆ?'

ಗೂಬೆ ಎಂದರೆ ಅಶ್ವಥ್. ಅವನು ನಡೆಸುವ 'ಜಗಲಿ' ಎಂಬ ಬುಲೆಟಿನ್ ಬೋರ್ಡಿನಲ್ಲಿ, ಅಂದರೆ ಕಂಪ್ಯೂಟರಿನಲ್ಲೇ ಬರೆದು ಹರಟುವ ಕಟ್ಟೆಯಲ್ಲಿ, ಎಲ್ಲರಿಗೂ ಒಂದೊಂದು ಅಡ್ಡಹೆಸರು. ಹೆಸರಿಗೆ ಹತ್ತೇ ಇಂಗ್ಲಿಷ್ ಅಕ್ಷರ. ಹನ್ನೊಂದನೆಯದನ್ನು ಅವನ ನಲವತ್ತು ವರ್ಷದ ಕಂಪ್ಯೂಟರ್ ನುಂಗಿ ನೀರು ಕುಡಿಯುತ್ತಿತ್ತು. ಸದಸ್ಯರು ಒಂಬತ್ತೇ ಜನ. ಅಟ್ಟ ಸೇರಿದ್ದ ಅವರ ಹಳೆಯ ಕಂಪ್ಯೂಟರುಗಳಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ವೈಫೈ ಮೋಡೆಮ್ ಸಿಕ್ಕಿಸಿ ಕೊಟ್ಟವನೂ ಅವನೇ. ಪಾಪದ ಯಂತ್ರಗಳು ತಾವು ಈಗಲೂ ಟೆಲಿಫೋನ್ ತಿರುಗಿಸುತ್ತಿದ್ದೇವೆ ಎಂದೇ ನಂಬಿದ್ದವು. ಲ್ಯಾಂಡ್‌ಲೈನ್ ಸತ್ತ ಸುದ್ದಿಯನ್ನು ಅವಕ್ಕೆ ಯಾರೂ ಹೇಳಿರಲಿಲ್ಲ.

ರೈಟರಿಗೂ ಯಾರೂ ಹೇಳಿರಲಿಲ್ಲವೇನೋ.

ಜಗಲಿಯ ಪಟ್ಟಿಯಲ್ಲಿ ಅವರು 'ರೈಟರ್‌ಮನೆ'. ಅಮ್ಮತ್ತಿ ಬಳಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಸಣ್ಣಸ್ವಾಮಿ. ಬಂಗಲೆಯವರು ಬಿಸಾಡಿದ ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ಜೀಪಿನಲ್ಲಿ ಹೇರಿಕೊಂಡು ಬಂದವರು, "ಬೇಗ ರೆಡಿ ಮಾಡಿ, ಮನೇಲಿ ಕೇಳ್ತಾರೆ" ಎಂದಷ್ಟೇ ಹೇಳಿದ್ದರು. ಎದುರಿಗೆ ಮೂರನೆಯ ಮಾತಾಡದ ಮನುಷ್ಯ ಬೋರ್ಡಿನಲ್ಲಿ ಮಾತಿನ ಮಲ್ಲ. 'ನಿನ್ನೆ ಸಾರಿಗೆ ಹುಳಿ ಜಾಸ್ತಿಯಾಗಿ ಮನೇಲಿ ಬೈದ್ರು' ಎಂದು ಬರೆದ ದಿನ ಜಗಲಿಗೆ ಜಗಲಿಯೇ ನಕ್ಕಿತ್ತು. ಲೆಕ್ಕದ ಪುಸ್ತಕ ಹಿಡಿಯುವ ಗಂಡಸು ಸೌಟನ್ನೂ ಹಿಡಿಯುತ್ತಾನಲ್ಲ ಎಂದು.

ಹೋದ ವರ್ಷ ಅವ್ವ ತೀರಿಕೊಂಡಾಗ ಅಶ್ವಥ್ ಅಂಗಡಿ ಬಾಗಿಲು ಹಾಕಿ ಒಳಗೇ ಕೂತುಬಿಟ್ಟಿದ್ದ. ಯಾರು ಕರೆದರೂ ಉಣ್ಣದವನನ್ನು ಉಣ್ಣಿಸಿದ್ದು ದಿನಾ ಹನ್ನೆರಡೂವರೆಗೆ ಬರುತ್ತಿದ್ದ ಆ ಒಂದೇ ಸಾಲು: 'ಉಂಡ್ಯಾ ಗೂಬೆ?'

ಅಂಥ ರೈಟರ್ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಹೆಣವನ್ನು ಅಶ್ವಥ್ ಕಣ್ಣಾರೆ ನೋಡಿದ್ದ. 'ರೈಟರ್ ಸಣ್ಣಸ್ವಾಮಿ ಇನ್ನಿಲ್ಲ' ಎಂದು ಜಗಲಿಯಲ್ಲಿ ಹಾಕಿದವನೂ ಅವನೇ.

ಇನ್ನಿಲ್ಲದವರು ಇನ್ನೂ ಬರೆಯುತ್ತಿದ್ದರು. ಒಂದಲ್ಲ, ಏಳು ದಿನ. 'ಯಾಕೆ ಯಾರೂ ಮಾತಾಡಲ್ಲ?' 'ಇಲ್ಲೇ ಇದ್ದೀನಲ್ಲ.' 'ನಾನೇನು ತಪ್ಪು ಮಾಡಿದೆ?' ಜಗಲಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಕಕ್ಕಬೆಯಲ್ಲಿ ಹೋಂಸ್ಟೇ ನಡೆಸುವ ಉಷಾರಾಣಿ ಮಾತ್ರ ಅಶ್ವಥ್‌ಗೆ ಫೋನ್ ಮಾಡಿದಳು.

"ಅಶ್ವಥಣ್ಣ, ಆ ಹೆಸರು ತೆಗೀರಿ. ಇಲ್ಲಾಂದ್ರೆ ನಾವೆಲ್ಲ ಬೋರ್ಡ್ ಬಿಡ್ತೀವಿ. ಗೆಸ್ಟ್ ಬರೋ ಮನೆ ನಂದು. ದೆವ್ವ ಚೆಕ್-ಇನ್ ಆದ್ರೆ ನನ್ನ ರಿವ್ಯೂ ಏನಾಗ್ಬೇಕು?"

ಹೆಸರು ಅಳಿಸಲು ಒಂದು ಕೀಲಿ ಸಾಕು. ಅಶ್ವಥ್‌ನ ಬೆರಳು ಮೂರು ಸಲ ಅಲ್ಲಿಗೆ ಹೋಗಿ ವಾಪಸ್ ಬಂತು. ದೆವ್ವವಾದರೂ ಊಟ ವಿಚಾರಿಸುವ ದೆವ್ವ. ಅದನ್ನೂ ಓಡಿಸಿಬಿಟ್ಟರೆ ಮತ್ತೆ ಕೇಳುವವರು ಯಾರೂ ಇರಲಿಲ್ಲ. ಎಂಟನೆಯ ದಿನ ಬೈಕ್ ಹತ್ತಿದ.

ರೈಟರ ಮನೆ ಮುಟ್ಟಿದಾಗ ಹನ್ನೆರಡೂವರೆ ದಾಟಿ ಐದು ನಿಮಿಷ. ಬಾಗಿಲು ತೆರೆದವರು ಅವರ ಹೆಂಡತಿ ಮುತ್ತಮ್ಮ.

"ಈಗ ದಾರಿ ಗೊತ್ತಾಯ್ತಾ?" ಎಂದರು.

ಅಶ್ವಥ್ ತಲೆ ತಗ್ಗಿಸಿ ಒಳಗೆ ಬಂದ. ಮೂಲೆಯ ಮೇಜಿನ ಮೇಲೆ ಕಂಪ್ಯೂಟರ್ ಚಾಲೂ ಇತ್ತು. ಎದುರಿನ ಕುರ್ಚಿ ಖಾಲಿ. ಪರದೆಯ ಮೇಲೆ ಅವನದೇ ಜಗಲಿ. ಕೊನೆಯ ಸಾಲು: 'ಉಂಡ್ಯಾ ಗೂಬೆ?' ಅದರ ಮುಂದೆ ಕರ್ಸರ್ ಕಣ್ಣು ಮಿಟುಕಿಸುತ್ತಿತ್ತು.

ಅವನು ಸುತ್ತ ಕಣ್ಣಾಡಿಸಿದ.

"ಮನೇಲಿ ಬೇರೆ ಯಾರಿದ್ದಾರಮ್ಮ?"

"ಯಾರಿರ್ತಾರೆ? ನಾನೊಬ್ಳೇ."

"ಅಲ್ಲ, ರೈಟರ್ ದಿನಾ ಈ ಹೊತ್ತಿಗೆ ಇಲ್ಲೇ ಕೂರ್ತಿದ್ರಲ್ವಾ..."

"ಅವರಾ? ಮಧ್ಯಾಹ್ನ ಮನೆಗೆ ಬಂದೋರೇ ಅಲ್ಲ. ಹನ್ನೆರಡಕ್ಕೆ ತೋಟಕ್ಕೇ ಕ್ಯಾರಿಯರ್ ಕಳಿಸ್ತಿದ್ದೆ. ಆಮೇಲೆ ಅವರ ಮುಖ ಕಾಣೋದು ಸಂಜೆ ಆರಕ್ಕೆ."

ಅಶ್ವಥ್‌ನ ಕಣ್ಣು ಮತ್ತೆ ಖಾಲಿ ಕುರ್ಚಿಗೆ ಹೋಯಿತು. ಸತ್ತ ಮೇಲಿನ ಮಾತಿರಲಿ, ಬದುಕಿದ್ದಾಗಲೂ ರೈಟರ್ ಈ ಕುರ್ಚಿಯಲ್ಲಿ ಕೂತಿರಲಿಲ್ಲ. ಹಾಗಾದರೆ ಎರಡು ವರ್ಷ ತನ್ನ ಊಟ ವಿಚಾರಿಸಿದ್ದು ಯಾವುದು?

ಕೀಲಿ ಒತ್ತಿ ಲೈನ್ ಕಡಿದ. ಜಗಲಿ ಮಾಯವಾಯಿತು. ಸಂಪರ್ಕ ತಪ್ಪಿದಾಗ ಮೋಡೆಮ್ ಹೇಳುವ ಎರಡೇ ಪದ ಪರದೆಯಲ್ಲಿ ಉಳಿದವು: 'ನೋ ಕ್ಯಾರಿಯರ್'.

ಮುತ್ತಮ್ಮ ಅದನ್ನು ಓದಿ ಒಣನಗೆ ನಕ್ಕರು.

"ಹೌದು. ಇನ್ನು ಕಳಿಸೋಕೆ ಕ್ಯಾರಿಯರೂ ಇಲ್ಲ."

"ಅಮ್ಮ, ಈ ಮೋಡೆಮ್ ತೆಗೆದುಬಿಡ್ತೀನಿ. ಬೋರ್ಡಲ್ಲಿ ಎಲ್ಲ ಹೆದರಿದ್ದಾರೆ."

"ಕಿತ್ಕೊಂಡೋಗಿ. ಗಂಡ ಹೋದೋಳ ಹತ್ರ ಮಾತು ಬಿಟ್ಟಾಯ್ತು. ಇನ್ನು ಇದೊಂದು ಯಾಕೆ?"

"ಯಾರು ಮಾತು ಬಿಟ್ಟರು?"

ಮುತ್ತಮ್ಮ ಒಳಗೆ ಹೋಗಿ, ಒಂದು ತಟ್ಟೆ ಅನ್ನ ಸಾರು ತಂದು ಅವನೆದುರು ಮೇಜಿನ ಮೇಲೆ ಕುಕ್ಕಿದರು.

"ನಿಮ್ಮ ಜಗಲೀಲಿ ಹೆಸರಿಗೆ ಹತ್ತೇ ಇಂಗ್ಲಿಷ್ ಅಕ್ಷರ ಹಿಡಿಸೋದು. ನಾನು 'ರೈಟರ್‌ಮನೆಯವರು' ಅಂತ್ಲೇ ಹೊಡೆದಿದ್ದೆ, ಗೂಬೆ. ಉಂಡ್ಯಾ?"